ಹದಿಮೂರು ಇಂಚಿನ ಮೆಟ್ಟಿಲು

ಮೀನು ಮಾರುವ ಕುಶಲಕ್ಕ ಕಾಪುವಿನಲ್ಲಿ ಬಸ್ಸು ಹತ್ತುವಾಗ ಬಂಗುಡೆಯ ಬುಟ್ಟಿ ಸಮೇತ ಬಿದ್ದ ಸುದ್ದಿ ಉದ್ಯಾವರದ ಕೂಸಪ್ಪನವರಿಗೆ ಮುಟ್ಟಿದ್ದು ಸಂಜೆಯ ಚಹಾದ ಹೊತ್ತಿಗೆ. ಸುದ್ದಿ ತಂದವನು ಕೊನೆಗೆ, "ನಿಮ್ಮದೇ ಮಾಡೆಲ್ ಬಸ್ಸು ಮಾರಾಯ್ರೆ," ಎಂದ. ಕೂಸಪ್ಪನವರು ಚಹಾದ ಲೋಟ ಕೆಳಗಿಟ್ಟರು.

ಅವರು ಮೂವತ್ತೈದು ವರ್ಷ ಬಸ್ಸಿಗೆ ಬಾಡಿ ಕಟ್ಟಿದವರು. ಕಂಪನಿಯಿಂದ ಬರುತ್ತಿದ್ದದ್ದು ಎಂಜಿನ್, ಚಕ್ರ, ಚಾಸಿ ಎಂಬ ಅಡಿಚೌಕಟ್ಟು ಮಾತ್ರ. ಉಳಿದದ್ದೆಲ್ಲ ಗ್ಯಾರೇಜಿನ ಕೈಕೆಲಸ. ಎತ್ತರದ ಮೆಟ್ಟಿಲು ಹತ್ತಲಾಗದೆ ಮೀನಿನ ಹೆಂಗಸರು ಬೈಗುಳ ತಿನ್ನುವುದನ್ನು ನೋಡಲಾಗದೆ, ಒಂದು ದಿನ ಅವರು ಕುಶಲಕ್ಕನನ್ನೇ ಗ್ಯಾರೇಜಿಗೆ ಕರೆಸಿದರು. ತಲೆಯ ಮೇಲೆ ತುಂಬಿದ ಬುಟ್ಟಿ ಇರಿಸಿ, ಹಲಗೆಯ ಮೇಲೆ ಹಲಗೆ ಪೇರಿಸಿ ಹತ್ತಿಸಿದರು. ಏನನ್ನೂ ಹಿಡಿಯದೆ ಆಕೆಗೆ ಹತ್ತಲಾದದ್ದು ಹದಿಮೂರು ಇಂಚು. ಹಿಂಬಾಗಿಲ ಮೆಟ್ಟಿಲನ್ನು ಅಷ್ಟಕ್ಕೇ ಇಳಿಸಿ, ಒಳಗೆ ಬುಟ್ಟಿಗೆ ಜಾಗ ಬಿಟ್ಟು ಕಟ್ಟಿದ ಬಸ್ಸು 'ಕೂಸಪ್ಪ ಬಾಡಿ' ಎಂದು ಕಾರ್ಕಳದವರೆಗೆ ಹೆಸರಾಯಿತು.

ಈಗ ಬಾಡಿ ಬರುವುದು ದೂರದ ಕಾರ್ಖಾನೆಯಿಂದ. ಕಳೆದ ವರ್ಷ ಅಲ್ಲಿನ ಎಂಜಿನಿಯರ್ ಬಂದು ಗ್ಯಾರೇಜಿನ ಗೋಡೆಯಲ್ಲಿ ಅಳತೆಗಳನ್ನು ಬರೆದು ತೂಗುಹಾಕಿದ್ದ ಹಲಗೆಯ ಫೋಟೋ ತೆಗೆದುಕೊಂಡು ಹೋಗಿದ್ದ. ಅದೇ ಅಳತೆಯ ಹೊಸ ಬಸ್ಸಿನ ಮೇಲೆ ಕಾರ್ಖಾನೆಯ ಹೆಸರು ಕಂಡಾಗ ಕೂಸಪ್ಪನವರು ಸಹಿಸಿಕೊಂಡಿದ್ದರು. ಈಗ ಸುಮ್ಮನಿರುವುದು ಅವರಿಂದಾಗಲಿಲ್ಲ.

ಮರುದಿನ ಬೆಳಿಗ್ಗೆ ಅವರು ಟೇಪು ಹಿಡಿದು ಕಾಪುವಿಗೆ ಹೋದರು. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡ ಕುಶಲಕ್ಕ ಅದೇ ಬಸ್ಸಿನ ಹಿಂಬಾಗಿಲಲ್ಲಿ ಬುಟ್ಟಿಯ ಬಳಿ ನಿಂತಿದ್ದರು.

"ಇನ್ನು ಮನೆಯಲ್ಲಿ ಕೂತುಕೊಳ್ಳಿ ಕುಶಲಕ್ಕ, ಪ್ರಾಯ ಆಯ್ತಲ್ವಾ?" ಎಂದ ಕಂಡಕ್ಟರ್ ಪ್ರತೀಕ್.

"ನಿನಗೆ ನನ್ನ ಪ್ರಾಯ ಮಾತ್ರ ಕಾಣ್ತದೆ. ಈ ಬುಟ್ಟಿ ಹೊತ್ತು ನೀನೊಮ್ಮೆ ಹತ್ತು, ನೋಡುವ!"

ಬಸ್ಸಿನ ಮಾಲೀಕ ಜೆಫ್ರಿಯೂ ಅಲ್ಲಿದ್ದರು. "ಎಂತ ಕೂಸಪ್ಪಣ್ಣ, ನಿಮ್ಮದೇ ಅಳತೆ ಅಲ್ವಾ? ನಿನ್ನೆ ಸುದ್ದಿ ಕೇಳಿ ಕಾರ್ಕಳದಲ್ಲಿ ನಾನೇ ಅಳೆದು ನೋಡಿದ್ದೇನೆ, ಸರಿಯಾಗಿ ಹದಿಮೂರು."

ಕೂಸಪ್ಪನವರು ಬಗ್ಗಿ ಅಳೆದರು. ಹದಿನಾರು. ಜೆಫ್ರಿ ಟೇಪು ಕಸಿದು ಅಳೆದರು. ಹದಿನಾರೇ.

"ಕಾರ್ಕಳದಲ್ಲಿ ಅಳೆಯುವಾಗ ಬಸ್ಸಿನಲ್ಲಿ ಜನ ಎಷ್ಟಿದ್ದರು?" ಎಂದು ಕೇಳಿದರು ಕೂಸಪ್ಪನವರು.

"ಕಾಲಿಡಲು ಜಾಗ ಇರಲಿಲ್ಲ."

ಕೂಸಪ್ಪನವರಿಗೆ ಗೊತ್ತಾಯಿತು. ಜನ ತುಂಬಿದರೆ ಸ್ಪ್ರಿಂಗು ಕುಗ್ಗಿ ಬಸ್ಸು ಕೆಳಗಿಳಿಯುತ್ತದೆ. ಕಾರ್ಖಾನೆಯವರು ಭರ್ತಿ ಬಸ್ಸಿಗೆ ಹದಿಮೂರು ಇಟ್ಟಿದ್ದರು. ಗ್ಯಾರೇಜಿನಲ್ಲಿ ಎಲ್ಲರೂ ಅಳೆಯುತ್ತಿದ್ದದ್ದು ಖಾಲಿ ಬಸ್ಸನ್ನು. ಅದು ಎಲ್ಲರಿಗೂ ಗೊತ್ತಿದ್ದದ್ದೇ ಎಂದು ಹಲಗೆಯ ಮೇಲೆ ಯಾರೂ ಬರೆದಿರಲಿಲ್ಲ, ಅವರೂ ಬರೆದಿರಲಿಲ್ಲ.

"ಮೂರು ಇಂಚು ಜೆಫ್ರಿಯವರೇ! ಇವರು ಹತ್ತುವುದು ಇಲ್ಲಿ, ಖಾಲಿ ಬಸ್ಸಿಗೆ, ತುಂಬಿದ ಬುಟ್ಟಿ ಹೊತ್ತು. ಫೋಟೋ ತೆಗೆಯಲಿಕ್ಕೆ ಬಂದರು, ಒಂದು ಮಾತು ಕೇಳಿದರಾ? ಬಿದ್ದರೆ ಪ್ರಾಯವಂತೆ, ಪ್ರಾಯ!"

ಪ್ರತೀಕ್ ಸೀಟಿ ಊದಿದ. "ಟೈಮ್ ಆಯ್ತು, ಹಿಂದಿನ ಬಸ್ಸು ಬರ್ತದೆ."

"ಬರಲಿ," ಎಂದು ಕೂಸಪ್ಪನವರು ಮೆಟ್ಟಿಲ ಮೇಲೆ ಕುಳಿತೇಬಿಟ್ಟರು.

"ಸಂಜೆ ಗ್ಯಾರೇಜಿಗೆ ತರ್ತೇನೆ, ಏಳಿ ಮಾರಾಯ್ರೆ," ಎಂದರು ಜೆಫ್ರಿ.

"ಈಗ."

ಹಿಂದಿನ ಬಸ್ಸು ಬಂತು. ಬಣ್ಣ ಮಾಸಿದ ಹಳೆಯ ಕೂಸಪ್ಪ ಬಾಡಿ. ಕುಶಲಕ್ಕ ಬುಟ್ಟಿ ಹೊತ್ತು, ಏನನ್ನೂ ಹಿಡಿಯದೆ, ನೋಯುವ ಕಾಲಲ್ಲೇ ಹತ್ತಿದರು. ಕಾದು ನಿಂತಿದ್ದ ಉಳಿದ ಪ್ರಯಾಣಿಕರೂ ಅದಕ್ಕೇ ನಡೆದರು. ಜೆಫ್ರಿ ಒಂದು ಗಳಿಗೆ ನೋಡಿ, ಡ್ರೈವರನಿಗೆ ಉದ್ಯಾವರದ ಗ್ಯಾರೇಜಿನ ಕಡೆ ಕೈ ತೋರಿಸಿದರು.

ಗ್ಯಾರೇಜಿನಲ್ಲಿ ಕಬ್ಬಿಣ ಕತ್ತರಿಸುವ ಮೊದಲು ಕೂಸಪ್ಪನವರು ಹಳೆಯ ಹಲಗೆ ಇಳಿಸಿ, ಹದಿಮೂರರ ಪಕ್ಕದಲ್ಲಿ ಪೆನ್ಸಿಲ್ ಒತ್ತಿ ಬರೆದರು: ಖಾಲಿ ಬಸ್ಸಿಗೆ.