ಭಂಡಾರ ಹಚ್ಚಿದ ಒಪ್ಪಿಗೆ ಪತ್ರ

ಬಾಗಲಕೋಟೆಯ ಬಾಡಿಗೆ ಕೋಣೆ ಖಾಲಿ ಮಾಡುವಾಗ ಹಳೆಯ ಫೈಲೊಂದು ಕೈಜಾರಿ ಬಿತ್ತು. ಅದರೊಳಗಿಂದ ಒಂದು ಕಾಗದ, ಕಾಗದದ ಮಡಿಕೆಯಿಂದ ಚಿಟಿಕೆಯಷ್ಟು ಹಳದಿ ಪುಡಿ. ಮೂಸಿದೆ. ಅರಿಸಿನ, ಅದರ ಹಿಂದೆ ಎಲ್ಲೋ ಕುರಿ ಉಣ್ಣೆಯ ವಾಸನೆ... ಇಷ್ಟು ವರ್ಷದ ಮೇಲೆ ಉಣ್ಣೆಯ ವಾಸನೆ ಉಳಿದಿರಲಾರದು, ಗೊತ್ತು. ಆದರೂ ಆ ದಿನದಿಂದ ನಾನು ಒಂದು ಕಡೆ ನೆಟ್ಟಗೆ ಕೂತು ಉಂಡಿಲ್ಲ. ಕೂತರೆ ಏಳಬೇಕು ಅನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗುವುದೆಂದು ತಿಳಿಯುವುದಿಲ್ಲ.

ಅದೊಂದು ಒಪ್ಪಿಗೆ ಪತ್ರ. ಆಗ ನಾನು ಸಂಶೋಧನೆಯೊಂದರಲ್ಲಿ ಸಹಾಯಕನಾಗಿದ್ದೆ. ಗುಡೂರಿನ ಸಾಲೆಯಲ್ಲಿ ರವಿವಾರಕ್ಕೊಮ್ಮೆ ತಂದೆತಾಯಿ, ಮಕ್ಕಳನ್ನು ಒಂದೇ ಲ್ಯಾಪ್‌ಟಾಪಿನ ಮುಂದೆ ಕೂಡಿಸಿ ಕೋಡಿಂಗ್ ಕಲಿಸುತ್ತಿದ್ದೆವು. ಆಮೇಲೆ ಹಿರಿಯರನ್ನು ಒಬ್ಬೊಬ್ಬರಾಗಿ ಕರೆದು ಸಂದರ್ಶನ ಮಾಡಿ, ರೆಕಾರ್ಡ್ ಮಾಡಿಕೊಳ್ಳುವುದು. ಒಪ್ಪಿಗೆ ಪತ್ರ ಓದಿ ಹೇಳುವುದು, ಸಹಿ ಹಾಕಿಸುವುದು, ರೆಕಾರ್ಡರಿನ ಗುಂಡಿ ಒತ್ತುವುದು ನನ್ನ ಪಾಲಿನ ಸಂಶೋಧನೆ.

ನನಗೆ ಬರುತ್ತಿದ್ದ ನಿಜವಾದ ವಿದ್ಯೆ ಬೇರೆ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಮೂರನೆಯ ಸಲ ಅದು ನನ್ನ ಬಾಯಿಂದ ಬರುತ್ತಿತ್ತು. ಯೋಜನೆಯ ಮೇಡಂ, ಹೆಡ್ ಮಾಸ್ತರರು, ಹುನಗುಂದದ ನಮ್ಮ ಸೋದರಮಾವ, ಯಾರನ್ನೂ ಬಿಟ್ಟಿರಲಿಲ್ಲ. ಯಾರೂ ಸಿಗದಿದ್ದರೆ ನನ್ನನ್ನೇ ಅಣಕಿಸುತ್ತಿದ್ದೆ: ಒಪ್ಪಿಗೆ ಪತ್ರವನ್ನು ಬಸ್ಸಿನ ಕಂಡಕ್ಟರನ ಧಾಟಿಯಲ್ಲಿ ಉಸಿರುಬಿಡದೆ ಓದುವ ನಾನು.

ಈ ಪತ್ರಕ್ಕೆ ಒಪ್ಪಿದ ಅಕ್ಕ ಮಗಳನ್ನು ಕರೆದುಕೊಂಡು ಬರುತ್ತಿದ್ದಳು. ಹೆಸರು ಹೇಳುವುದಿಲ್ಲವೆಂದು ಆ ಪತ್ರದಲ್ಲೇ ಮಾತು ಕೊಟ್ಟಿದ್ದೆವು. ಕೊಟ್ಟ ಮಾತುಗಳಲ್ಲಿ ಅದೊಂದಾದರೂ ಉಳಿಯಲಿ. ಮನೆಯಲ್ಲಿ ಕುರಿ ಇದ್ದವು, ದೇವರು ಬೀರಪ್ಪ, ಮಗಳು ಐದನೆಯ ಇಯತ್ತೆ. ಮೊದಲ ರವಿವಾರ ತಾಯಿ-ಮಗಳು ಸೇರಿ ಪರದೆಯ ಮೇಲೊಂದು ಕುರಿ ನಡೆಸಿದರು. ಅದು ನಡೆಯುತ್ತ ನಡೆಯುತ್ತ ಅಂಚು ದಾಟಿ ಕಾಣದಾಯಿತು. ಅಕ್ಕ ಎದ್ದೇ ನಿಂತಳು.

"ಎಲ್ಲಿ ಹೋತದು? ತಿರುವು, ತಿರುವು! ಹಿಂಗ ಬಿಟ್ರ ಮಂದಿ ಹೊಲಾ ಹೊಕ್ಕತೈತಿ!"

ಅಂಚು ಮುಟ್ಟಿದರೆ ತಿರುಗು ಎಂಬ ಸೂಚನೆಯನ್ನು ಮಗಳು ಜೋಡಿಸಿ, ಕುರಿ ಮರಳಿ ಬರುವವರೆಗೂ ಅಕ್ಕ ಕೂರಲಿಲ್ಲ.

ಎರಡನೆಯ ರವಿವಾರ ನಾನು ಪತ್ರ ಓದಿ ಹೇಳಿದೆ. ಧ್ವನಿಮುದ್ರಣವನ್ನು ತಂಡದವರ ಹೊರತು ಬೇರೆ ಯಾರೂ ಕೇಳುವುದಿಲ್ಲ. ಬೇಡವೆನಿಸಿದರೆ ಯಾವಾಗ ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು. ಉಳಿದ ತಂದೆತಾಯಂದಿರು "ಎಲ್ಲಿ ಮಾಡ್ಬೇಕ್ರಿ ಸಹಿ" ಎಂದು ಪೆನ್ನು ಕಸಿದುಕೊಂಡಿದ್ದರು. ಸಹಿ ಬಾರದವರಿಗೆ ಹೆಬ್ಬೆಟ್ಟಿನ ಶಾಯಿಯೂ ಪಕ್ಕದಲ್ಲಿತ್ತು. ಅಕ್ಕ ಪೆನ್ನು ನೋಡಿದಳು, ಶಾಯಿ ನೋಡಿದಳು, ಪಕ್ಕದಲ್ಲಿದ್ದ ಮಗಳನ್ನು ನೋಡಿದಳು. ಆಮೇಲೆ ಸೊಂಟದ ಸಂಚಿಯಿಂದ ಭಂಡಾರ ತೆಗೆದಳು. ಬೀರಪ್ಪನ ಗುಡಿಯ ಅರಿಸಿನ ಪುಡಿ. ಅದನ್ನು ಮುಟ್ಟಿ ಆಡಿದ ಮಾತನ್ನು ಅವರ ಮಂದಿ ತಪ್ಪುವುದಿಲ್ಲ.

"ನಮ್ಮೊಳಗ ಸಹಿ-ಗಿಹಿ ನಡೆಯೂದಿಲ್ಲ ತಮ್ಮಾ. ಇದ ನಮ್ಮ ಸಹಿ," ಎಂದು ಬೆರಳಿನಿಂದ ಕಾಗದಕ್ಕೆ ಹಚ್ಚಿದಳು. ಆಮೇಲೆ ಅಂಗೈಯನ್ನು ನನ್ನತ್ತ ಚಾಚಿದಳು. "ಯಾರೂ ಕೇಳೂದಿಲ್ಲ ಅಂದೆಲ್ಲ, ನೀನೂ ಮುಟ್ಟು."

ಮುಟ್ಟಿದೆ. ನಗುತ್ತಲೇ ಮುಟ್ಟಿದೆ, ಅದೇ ಈಗ ಚುಚ್ಚುವುದು. ಮೇಡಂ ಕೆಳಗೆ 'ಬಾಯಿಮಾತಿನ ಒಪ್ಪಿಗೆ' ಎಂದು ಬರೆದುಕೊಂಡರು. ಎಂಥ ದೈವಭಕ್ತಿ ಎಂದು ನಾವಿಬ್ಬರೂ ತಲೆದೂಗಿದ್ದೂ ಆಯಿತು.

ಸಂದರ್ಶನದ ಹೊತ್ತಿಗೆ ಅಕ್ಕ ಮಗಳನ್ನು ನೀರು ಕುಡಿದು ಬಾ ಎಂದು ಹೊರಗೆ ಕಳಿಸಿದಳು. ಮನೆಯಲ್ಲಿ ಮಗಳ ಓದಿಗೆ ಹೇಗೆ ನೆರವಾಗುತ್ತೀರಿ ಎಂದು ಕೇಳಿದೆ. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು.

"ಖರೆ ಹೇಳ್ತೇನಿ. ನನಗ ಒಂದಕ್ಷರಾನೂ ಓದಾಕ ಬರೂದಿಲ್ಲ. ಅಕಿಗೆ ಗೊತ್ತಿಲ್ಲ. ಅಕಿ ಗಟ್ಟಿಯಾಗಿ ಓದ್ತಾಳ, ನಾ ಮಗ್ಗಲಕ್ಕ ಕುಂತು ಪುಸ್ತಕದಾಗ ಕಣ್ಣು ನೆಟ್ಟಿರ್ತೇನಿ. ಎಲ್ಲಿ ಅಕಿ ದನಿ ತಡವರಸತೈತಿ, ಅಲ್ಲಿ 'ಹೂಂ... ತಪ್ಪಾತು, ಇನ್ನೊಮ್ಮಿ ಓದು' ಅಂತೇನಿ. ಅಲ್ಲೇ ತಪ್ಪಿರ್ತಾಳ ನೋಡು!" ಎಂದು ಸೆರಗು ಬಾಯಿಗಿಟ್ಟು ನಕ್ಕಳು. ನಗು ನಿಂತ ಮೇಲೆ ಹೇಳಿದಳು: "ಸಾಲಿ ಒಲ್ಲೆ, ಕುರಿ ಹಿಂದ ಬರ್ತೇನಿ ಅಂತ ಗಂಟು ಬಿದ್ದಿದ್ಲು. ಅವ್ವಗ ಎಲ್ಲಾ ತಿಳೀತೈತಿ ಅಂತ ಹೆದರಿ ಓದಾಕ ಹತ್ಯಾಳ. ಗೊತ್ತಾದ್ರ ಬಿಟ್ಟಬಿಡ್ತಾಳ."

ಮಗಳ ಮುಂದೆ ಹೆಬ್ಬೆಟ್ಟು ಯಾಕೆ ಒತ್ತಲಿಲ್ಲವೆಂದು ನನಗೆ ಆಗ ತಿಳಿಯಿತು. ತಿಳಿದು ಏನು ಮಾಡಿದೆ ಅಂದರೆ...

ಗುಡೂರಿನ ಬಸ್ ನಿಲ್ದಾಣದ ಮುಂದಿನ ಚಹಾದಂಗಡಿಯಲ್ಲಿ ಅದೇ ಸಂಜೆ ಗೆಳೆಯರು ಕೂಡಿದ್ದರು. ಮೊದಲು ಮೇಡಂ ಅವರದು ಮಾಡಿದೆ, ಆಮೇಲೆ ಹೆಡ್ ಮಾಸ್ತರರದು, ಆಮೇಲೆ ನನ್ನದು. ಚಹಾ ಇನ್ನೂ ಬಂದಿರಲಿಲ್ಲ. ಬಾಯಿ ಸುಮ್ಮನಿರಲಿಲ್ಲ. ಪೇಪರು ತಲೆಕೆಳಗಾಗಿ ಹಿಡಿದು, ಇಲ್ಲದ ಸೆರಗು ಸರಿಮಾಡಿಕೊಂಡು, "ಹೂಂ... ತಪ್ಪಾತು, ಇನ್ನೊಮ್ಮಿ ಓದು!" ಅಂದೆ.

"ಲೇ, ಇನ್ನೊಮ್ಮೆ ಮಾಡಲೇ!" ಎಂದು ಹುಡುಗರು ಬೆಂಚು ಬಡಿದರು. ಇನ್ನೊಮ್ಮೆ ಮಾಡಿದೆ. ಹೆಸರು ಹೇಳಲಿಲ್ಲವಲ್ಲ ಎಂಬ ಧೈರ್ಯ ನನಗೆ. ಆದರೆ ನನ್ನ ಕಲೆ ಅಷ್ಟು ಚೆನ್ನಾಗಿತ್ತು, ಹೆಸರು ಬೇಕಾಗಲೇ ಇಲ್ಲ.

ಮುಂದಿನ ರವಿವಾರ ಅಕ್ಕ ಒಬ್ಬಳೇ ಬಂದಳು. ಕಾರ್ಯಾಗಾರ ಇನ್ನೂ ಶುರುವಾಗಿರಲಿಲ್ಲ. ಬೈಯುತ್ತಾಳೆಂದು ನಾನು ಗೋಡೆಗೆ ಸರಿದೆ. ಬೈಯಲಿಲ್ಲ.

"ಸಾಲಿ ಹುಡುಗೂರು ಅಕಿಗೆ ಆಡಿ ತೋರಿಸ್ಯಾವ," ಅಂದಳು. "ಸಾಲಿ ಬಿಟ್ಟಿಲ್ಲ, ಬೀರಪ್ಪನ ಪುಣ್ಯಾ. ಗಟ್ಟಿ ಓದೂದು ಬಿಟ್ಟಾಳ. ಒಬ್ಬಾಕಿನ ಗ್ವಾಡಿ ಕಡೆ ಮಾರಿ ಮಾಡಿ ಮನಸಿನ್ಯಾಗ ಓದ್ಕೋತಾಳ."

ನಾನು ಏನೋ ಅನ್ನಲು ಹೋದೆ. ಬಾಯಿಗೆ ಬಂದದ್ದು ಒಪ್ಪಿಗೆ ಪತ್ರ ಓದುವ ಆ ಧಾಟಿಯೇ.

"ಯಾವಾಗ ಬೇಕಾದ್ರೂ ತಿರುಗಿ ಇಸ್ಕೋಬಹುದು ಅಂತ ಓದಿ ಹೇಳಿದ್ದಿ. ನನ್ನ ಮಾತು ನನಗ ಕೊಡು."

ಮತ್ತೆ ಅಂಗೈ ಚಾಚಿದಳು. ದನಿ ಅನ್ನುವುದು ತೆಗೆದು ಕೈಗೆ ಇಡುವಂಥ ವಸ್ತು ಅನ್ನುವಂತೆ. ಮೇಡಂ ರೆಕಾರ್ಡರ್ ತರಿಸಿದರು. ಅವಳ ಎದುರಿಗೇ ರೆಕಾರ್ಡರಿನಿಂದ ಅಳಿಸಿದೆ, ಲ್ಯಾಪ್‌ಟಾಪಿನಿಂದಲೂ ಅಳಿಸಿದೆ.

"ಹೋತೇನು?"

"ಹೋತ್ರಿ ಅಕ್ಕಾರ."

"ಚಾದಂಗಡ್ಯಾಗಿಂದು?"

ಉತ್ತರಕ್ಕೆ ಕಾಯದೆ ಹೊರಟುಹೋದಳು. ಮತ್ತೆ ನಾನು ಅವಳನ್ನು ನೋಡಲಿಲ್ಲ. ಹೋದ ವರ್ಷ ಬಾಗಲಕೋಟೆಯ ದವಾಖಾನೆಯಲ್ಲೇ ತೀರಿಕೊಂಡಳಂತೆ, ನನ್ನ ಕೋಣೆಗೆ ಎರಡು ಓಣಿ ಆಚೆ. ಅದೂ ಎಷ್ಟೋ ತಿಂಗಳ ಮೇಲೆ ಯಾರೋ ಹೇಳಿ ಗೊತ್ತಾಯಿತು...

ಫೈಲಿನಿಂದ ಬಿದ್ದ ಆ ಕಾಗದ ಇನ್ನು ನನ್ನ ಬಳಿ ಇರಬಾರದು ಅನಿಸಿತು. ಗುಡೂರಿನ ಬಸ್ಸು ಹತ್ತಿದೆ. ಇಳಿದವನೇ ಆ ಚಹಾದಂಗಡಿ ದಾಟುತ್ತಿದ್ದೆ. ಮೀಸೆ ಈಗಷ್ಟೇ ಮೂಡಿದವನೊಬ್ಬ ಮೊಬೈಲಿನಲ್ಲಿ ಬಂದಿದ್ದನ್ನು ಓದುತ್ತ ತಡವರಿಸಿದ. ಪಕ್ಕದವನು, "ಹೂಂ... ತಪ್ಪಾತು, ಇನ್ನೊಮ್ಮಿ ಓದು!" ಅಂದ. ಎಲ್ಲರೂ ನಕ್ಕರು. ನಾನು ಅವರನ್ನು ಕಂಡವನಲ್ಲ, ಅವರು ಅವಳನ್ನು ಕಂಡವರಲ್ಲ. ಅಂಚು ದಾಟಿ ಹೋದದ್ದನ್ನು ತಿರುಗಿಸುವವರು ಯಾರು?

ಮಗಳು ಮನೆಯಲ್ಲೇ ಸಿಕ್ಕಳು, ಈಗ ಇಳಕಲ್ಲಿನ ಕಾಲೇಜಿಗೆ ಹೋಗುತ್ತಾಳೆ. ಕಾಗದ ಇಸಿದುಕೊಂಡು, ಹಳದಿ ಕಲೆಯ ಮೇಲೆ ಹೆಬ್ಬೆರಳಿಟ್ಟಳು.

"ಅವ್ವನ ದನಿ ಎಲ್ಲೆರ ಉಳಿದೈತೇನ್ರಿ ಅಣ್ಣಾರ?"

"ಅಳಿಸೇನವ್ವಾ. ಅವರ ಮುಂದನ ಅಳಿಸೇನಿ."

"ನೀವು ಮಾಡ್ತಿದ್ರಂತಲ್ಲ. ಮಾಡ್ರಿ."

ಬೇಡವೆಂದೆ. ಬಿಡಲಿಲ್ಲ. ಮಾಡಿದೆ. ಕಣ್ಣು ಮುಚ್ಚಿ ಕೇಳಿದಳು, ಆಮೇಲೆ ತಲೆಯಾಡಿಸಿದಳು.

"ಅಲ್ರಿ. ಇದು ಮಂದಿ ನಗಾಕ ಮಾಡಿದ್ದು. ಅವ್ವ 'ಹೂಂ' ಅನ್ನೂಕಿಂತ ಮದಲ ಉಸಿರು ಹಿಡೀತಿದ್ಲು. ಆ ಉಸಿರು ನಿಂತ್ರ ನನಗ ತಿಳೀತಿತ್ತು, ತಪ್ಪ ಓದೇನಿ ಅಂತ."

ಆ ಉಸಿರನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ. ಅಳಿಸಿದ ರೆಕಾರ್ಡಿನಲ್ಲಿ ಇದ್ದಿರಬೇಕು.

ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ. ಈ ಸಲ ಮೊದಲು ಕೇಳಿದೆ. "ಬರೀರಿ, ಹೆಸರು ಬ್ಯಾಡ," ಅಂದಳು. "ಅಚ್ಚಿಗೆ ಕೊಡೂಕಿಂತ ಮದಲ ನನ್ನ ಮುಂದ ಓದ್ರಿ. ಗಟ್ಟಿಯಾಗಿ."

ಮೊನ್ನೆ ರವಿವಾರ ಹೋಗಿ ಓದಿದೆ. ಯಾರ ದನಿಯನ್ನೂ ಮಾಡಲಿಲ್ಲ. ಚಹಾದಂಗಡಿಯ ಭಾಗ ಬಂದಾಗ ನಾಲಿಗೆ ತಡವರಿಸಿತು. ಎದುರಿಗೆ ಕೂತವಳ ಉಸಿರು ತಟ್ಟನೆ ನಿಂತಿತು. ನಾನು ಕಾದೆ... ಹೂಂ ಅನ್ನಬೇಕಾದವರು ಇರಲಿಲ್ಲ. ನಾನೇ ಹಿಂದಿನ ಸಾಲಿಗೆ ಹೋಗಿ, ಇನ್ನೊಮ್ಮೆ ಓದಿದೆ.