ಗಾಜಿನಾಚೆಯ ಎರಡು ಪುಟ

...ಇದೆಲ್ಲ ಹೀಗೆಯೇ ನಡೆಯಿತೋ, ನಡುವೆ ನಾನೇ ಒಂದಷ್ಟು ಸೇರಿಸಿಕೊಂಡೆನೋ. ನುಸಿಗುಳಿಗೆಯ ವಾಸನೆ ಮಾತ್ರ ಸುಳ್ಳಲ್ಲ. ಕಳೆದ ವಾರ ತುಮಕೂರಿನ ಗ್ರಂಥಾಲಯವೊಂದರಲ್ಲಿ ಗಾಜಿನ ಬೀರು ತೆಗೆದಾಗ ಆ ವಾಸನೆ ಮುಖಕ್ಕೆ ಹೊಡೆದು, ಗುಬ್ಬಿಯ ಟೈಲರಕ್ಕ ನೆನಪಾದಳು. ತುಮಕೂರಿನ ಆ ಪುಸ್ತಕಗಳಲ್ಲಿ ಯಾರ ಬದುಕಿಗೆ ಜಾಗವಿದೆ, ಯಾರದಕ್ಕಿಲ್ಲ ಎಂದು ನೋಡಿ ವರದಿ ಕೊಡಲು ನಾವು ಕೆಲವರು ಹೋಗಿದ್ದೆವು.

ನಾನು ಕಾಲೇಜಿಗೆ ಹೋಗುತ್ತಿದ್ದಾಗ ಗುಬ್ಬಿಯ ಲೈಬ್ರರಿ ಪಕ್ಕದಲ್ಲೇ ಅವಳ ಅಂಗಡಿ. ಮಧ್ಯಾಹ್ನ ಮಿಷನ್ ನಿಲ್ಲಿಸಿ, ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿರುವಾಗಲೇ ಪೇಪರ್ ಓದಲು ಬರುತ್ತಿದ್ದಳು. ದಲಿತರು, ಮುಸ್ಲಿಮರು, ಅಲೆಮಾರಿಗಳು ಬರೆದ ಪುಸ್ತಕಗಳೆಲ್ಲ ಅಲ್ಲಿ ಬೀಗ ಹಾಕಿದ, ಇದೇ ನುಸಿಗುಳಿಗೆಯ ವಾಸನೆಯ ಒಂದೇ ಬೀರುವಿನಲ್ಲಿದ್ದವು, ಮೇಲಿನವರು ತಪಾಸಣೆಗೆ ಬಂದಾಗ ತೋರಿಸಲು. ಚೆಂದ ಕಾಣಲೆಂದು ಒಂದನ್ನು ಗಾಜಿನ ಹಿಂದೆ ಮರದ ಸ್ಟ್ಯಾಂಡಿನ ಮೇಲೆ ಬಿಡಿಸಿ ಇಟ್ಟಿದ್ದರು. ಅಕ್ಕನ ಕೇರಿಯಂಥದೇ ಕೇರಿಯ ಹೆಂಗಸೊಬ್ಬಳ ಜೀವನಕಥೆ. ತೆರೆದಿದ್ದ ಎರಡು ಪುಟಗಳಲ್ಲಿ, ಮೇಷ್ಟ್ರು ಹೊರಗೆ ಕೂರಿಸಿದ ಹುಡುಗಿ ಸ್ಲೇಟು ಎತ್ತಿಕೊಂಡು ಮನೆಗೆ ನಡೆದುಬಿಡುತ್ತಾಳೆ. ಅಲ್ಲಿಗೆ ಪುಟ ಮುಗಿಯುತ್ತಿತ್ತು.

ಅಕ್ಕ ಅದನ್ನು ಗಾಜಿಗೆ ಮೂಗು ತಾಗಿಸಿ ಓದಿದಳು. ಮಾರನೆಯ ದಿನವೂ ಅದನ್ನೇ ಓದಿದಳು.

"ಅದೊಂದ್ ಕೊಡಿ ಸಾರ್, ಓದ್ಬುಟ್ಟು ತಂದ್ಕೊಡ್ತೀನಿ."

"ಅದು ಇನ್‌ಸ್ಪೆಕ್ಷನ್‌ಗೆ ಕಣಮ್ಮ," ಎಂದರು ಲೈಬ್ರರಿಯನ್. "ಕೈ ಬಿದ್ರೆ ಕೊಳೆ ಆಗುತ್ತೆ. ರಂಗೋಲಿ ಪುಸ್ತಕ ಇದೆ, ತಗೊಂಡ್ಹೋಗು."

"ನಮ್ಮೋರ್ ಕತೆ, ನಮ್ ಕೈ ಬಿದ್ರೆ ಕೊಳೆನಾ? ಹೋಗ್ಲಿ, ಆ ಹುಡ್ಗಿ ತಿರ್ಗಾ ಇಸ್ಕೂಲಿಗೆ ಹೋದ್ಲಾ, ಅದೊಂದ್ ಹೇಳ್ಬುಡಿ."

"ನಾನೇನ್ ಓದಿದೀನಾ? ಬೀಗ ಹಾಕೋದಷ್ಟೇ ನನ್ ಕೆಲ್ಸ."

ಅವಳು ನಕ್ಕಳು. "ನಾನಂತೂ ಹೋಗ್ಲಿಲ್ಲ ಸಾರ್. ಅವ್ಳಾದ್ರೂ ಹೋದ್ಲೇನೋ ಅಂತ. ಒಂದ್ ಹಾಳೆ ತಿರುವಿ ಮಡಗಿ, ಸಾಕು. ನಿಂತ್ಕಂಡೇ ಓದ್ಕೋತೀನಿ."

"ನಾಳೆ ನೋಡಾಣ ಬಿಡು."

ಅದೆಷ್ಟು ನಾಳೆಗಳು ಹೋದವೋ... ಹಾಳೆಯನ್ನು ಯಾರೋ ತಿರುವಿ ಇಟ್ಟಿದ್ದಾರೆ, ಅವಳು ಟೇಪಿನ ತುದಿ ಹಿಡಿದು ಓದುತ್ತ ನಿಂತಿದ್ದಾಳೆ, ಅಂಥದೊಂದು ಚಿತ್ರ ನನ್ನ ತಲೆಯಲ್ಲಿದೆ. ಬಹಳ ಅಚ್ಚುಕಟ್ಟಾಗಿದೆ, ಅದಕ್ಕೇ ನಂಬುವುದಿಲ್ಲ. ಆಮೇಲೆ ರಸ್ತೆ ಅಗಲ ಮಾಡುವಾಗ ಅಂಗಡಿ ಹೋಯಿತು. ಅಕ್ಕ ಕುಣಿಗಲ್ಲಿನ ತಂಗಿಯ ಮನೆ ಸೇರಿದಳು. ಅಲ್ಲೇ ತೀರಿಕೊಂಡಳೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ತುಮಕೂರಿನ ಬೀರುವಿನಲ್ಲಿ ಅದೇ ಪುಸ್ತಕವಿತ್ತು. "ಓದೋರು ಕೇಳ್ತಾರಾ?" ಎಂದೆ.

"ಇವನ್ನೆಲ್ಲ ಯಾರೂ ಕೇಳಲ್ಲ ಸಾರ್," ಎಂದರು ಅಲ್ಲಿನವರು, ಬೀಗದ ಕೈ ತಿರುಗಿಸಿ ಬೀರು ತೆಗೆಯುತ್ತ.

ನನ್ನ ಜೊತೆಗೆ ಬಂದವರು, "ಎಷ್ಟ್ ನೀಟಾಗಿ ಇಟ್ಟಿದಾರೆ ನೋಡಿ. ಎಲ್ಲಾ ಸಮುದಾಯದ್ದೂ ಇದೆ," ಎಂದು ಮೆಚ್ಚಿ, ವರದಿಯಲ್ಲಿ 'ಉತ್ತಮ' ಎಂದು ಬರೆದರು. ನಾನು ಆ ಪುಸ್ತಕ ಕೈಗೆತ್ತಿಕೊಂಡೆ. ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಬಿಡಿಸಿ ಬಿಡಿಸಿ ಆ ಎರಡು ಪುಟ ಹುಡುಕಿದೆ. ಮುಂದಿನ ಹಾಳೆ ತಿರುವಿದೆ.

ಹುಡುಗಿ ಶಾಲೆಗೆ ವಾಪಸ್ ಹೋಗುತ್ತಾಳೆ.

ಟೈಲರಕ್ಕನಿಗೆ ಅದು ತಿಳಿಯಿತೋ ಇಲ್ಲವೋ, ನನಗೆ ಗೊತ್ತಿಲ್ಲ.