ಕಿವಿಯಲ್ಲಿ ಕಾವು ಅಳೆಯುವವನು

ಕೊಳ್ಳೇಗಾಲದ ವೆಲ್ಡಿಂಗ್ ರಂಗನಾಯಕ ರಾಡಿನ ತುದಿಯ ಬೆಂಕಿಯನ್ನು ಅಳೆಯುವುದು ಕಿವಿಯಿಂದ. ಅದು ಮೀನು ಕರಿಯುವ ಬಾಣಲೆಯಂತೆ ಒಂದೇ ಸಮನೆ ಚರಚರ ಎಂದರೆ ತಲೆದೂಗುತ್ತಾನೆ. ಪಟಪಟ ಸಿಡಿದರೆ, ಸತ್ತೇಗಾಲದ ರೈತನ ನೇಗಿಲನ್ನು ಅರ್ಧ ಬೆಸೆದಿದ್ದರೂ ನಿಲ್ಲಿಸಿ, "ರಾಡು ದೂರ ಆಯ್ತು, ಕೂಗ್ತಾ ಅದೆ ಕಣಣ್ಣ," ಎಂದು ಮೊದಲಿನಿಂದ ಶುರುಮಾಡುತ್ತಾನೆ. ಪಕ್ಕದ ಅಂಗಡಿಯವನು ಬೆಸೆಯುವಾಗಲೂ ಟೀ ಲೋಟ ಹಿಡಿದು ಕೂತಲ್ಲಿಂದಲೇ, "ಕರೆಂಟು ಒಸಿ ಇಳ್ಸ್ಲಾ," ಎನ್ನುತ್ತಾನೆ; ಆ ಲೆಕ್ಕ ಯಾವತ್ತೂ ತಪ್ಪಿದ್ದಿಲ್ಲ. ಈ ಬೆಂಕಿ ಆರು ಸಾವಿರ ಡಿಗ್ರಿ, ಸೂರ್ಯನ ಮೈಯಷ್ಟೇ ಬಿಸಿ ಎಂದು ಬಂದವರಿಗೆಲ್ಲ ಹೇಳುತ್ತಾನೆ, ತಾನೇ ಹೋಗಿ ಮುಟ್ಟಿ ಬಂದವನಂತೆ. ಮನೆಯಲ್ಲಿ ಮೊಮ್ಮಗಳು ಮಂಕಾಗಿ ಮಲಗಿದರೆ ಮಾತ್ರ, ಮೂವತ್ತು ವರ್ಷ ಕಿಡಿ ತಿಂದು ಜಡ್ಡುಗಟ್ಟಿದ ಅಂಗೈಯನ್ನು ಅವಳ ಹಣೆಯ ಮೇಲಿಟ್ಟು, ಏನೂ ತಿಳಿಯದೆ, ಹೆಂಡತಿ ಪುಟ್ಟಗೌರಮ್ಮನನ್ನು ಕರೆಯುತ್ತಾನೆ: "ಜ್ವರ ಅದಾ, ನೀನೇ ಮುಟ್ನೋಡಮ್ಮಿ."